ನಿಮಿಷದಮ್ಮನ ಗುರುವಾರ

ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸ್ ಸಾಲಿನಲ್ಲಿ ಒಂದು ಮಾತು ಮನೆಯಿಂದ ಮನೆಗೆ ಓಡಾಡುತ್ತಿತ್ತು: ನಿಮಿಷದಮ್ಮನ ಎದುರು ಕೂತರೆ ಬಾಯಿಯದು ಮಾತ್ರವಲ್ಲ, ಮೂಗಿನ ಉಸಿರಿನದೂ ಲೆಕ್ಕ ಒಪ್ಪಿಸಬೇಕು. ಈ ಮಾತು ಹುಟ್ಟಿಸಿದವಳು ಎದುರು ಮನೆಯ ಟೈಲರಮ್ಮ.

"ಅವಳ ಅಂಗಿಗೆ ಅಳತೆ ತಗೋತಾ ಇದ್ದೆ ಕಣ್ರೀ. ಈಯಮ್ಮ ನನ್ನ ಹೊಟ್ಟೆ ಕಡೆ ನೋಡ್ಕೊಂಡು ನಿಂತುಬಿಟ್ಲು. ಏನು ಅಂದ್ರೆ ಬೆರಳೆತ್ತಿ ‘ಒಂದು ನಿಮಿಷ’ ಅಂದ್ಲು. ನಾನೂ ಟೇಪು ಹಿಡ್ಕೊಂಡು ಕಲ್ಲಾಗಿ ನಿಂತೆ. ಆಮೇಲೆ ‘ಹದಿನೆಂಟು, ಪರವಾಗಿಲ್ಲ, ಬಾಳ್ತೀಯ’ ಅಂದು ಹೊರಟೇಹೋದ್ಲು. ಅವಳ ತೋಳಿನಳತೆ ನನಗೆ ಇವತ್ತಿಗೂ ಸಿಕ್ಕಿಲ್ಲ."

ಪಕ್ಕದ ಮನೆಯ ಆಂಬುಲೆನ್ಸ್ ಡ್ರೈವರು ಇದಕ್ಕೆ ಒಗ್ಗರಣೆ ಹಾಕುತ್ತಿದ್ದ. ಅವರ ಮನೆಯ ಬೆಕ್ಕು ಕೂಡ ಆಕೆ ಬಂದಳೆಂದರೆ ಉಸಿರು ಸರಿಮಾಡಿಕೊಂಡು ಮಲಗುತ್ತದಂತೆ. ಕೊನೆಯ ಮನೆಯ ಎಕ್ಸ್‌ರೇ ಅಜ್ಜ ಮಾತ್ರ ನಿಮಿಷದಮ್ಮನ ಪರ. ‘ನನ್ನ ಮಿಷನ್ನಿಗೆ ಕಾಣದ್ದು ಆ ಹೆಂಗಸಿನ ಕಣ್ಣಿಗೆ ಕಾಣುತ್ತೆ’ ಎಂದು ಸಾರುತ್ತಿದ್ದ. ಆದರೆ ಅವನಿಗೆ ಆಕೆ ಬೀಡಿ ಬಿಡಿಸಿದ್ದಳು. ಹೆದರಿಕೆಯಿಂದ ಹುಟ್ಟಿದ ಭಕ್ತಿ ಎಂದು ಉಳಿದವರು ನಗುತ್ತಿದ್ದರು.

ಹೆರಿಗೆ ಆಸ್ಪತ್ರೆಯ ಹಸುಗೂಸುಗಳ ಕೋಣೆಯಲ್ಲಿ ಆಕೆ ಹಿರಿಯ ಸಿಸ್ಟರು. ಮೂವತ್ತಾರು ವರ್ಷ ಅದೇ ಕೋಣೆ, ಅದೇ ಗಾಜಿನ ಗೋಡೆ, ಮೇಲೆ ಬಿಸಿ ದೀಪವಿರುವ ಅದೇ ನಾಲ್ಕು ತೊಟ್ಟಿಲು. ಕೂಸು ಕೈಗೆ ಬಂದ ತಕ್ಷಣ ಒರೆಸಿ, ಬೆಚ್ಚಗೆ ಮಾಡಿ, ಅದರ ಹೊಟ್ಟೆಯ ಮೇಲೆ ಕಣ್ಣು ನೆಟ್ಟು ನಿಲ್ಲುವಳು. ಹಸುಗೂಸು ಉಸಿರಾಡುವುದು ಹೊಟ್ಟೆಯಲ್ಲಿ. ಎದೆ ನೋಡುವವನು ಮೋಸ ಹೋಗುತ್ತಾನೆ. ಎದೆಗೆ ಸಿಕ್ಕಿಸಿದ ಗಡಿಯಾರದ ಸೆಕೆಂಡಿನ ಮುಳ್ಳು ಒಂದು ಪೂರಾ ಸುತ್ತು ಹಾಕುವವರೆಗೆ ಆಕಾಶ ಕಳಚಿ ಬಿದ್ದರೂ ಆಕೆ ಕತ್ತು ಹೊರಳಿಸುವವಳಲ್ಲ. ಒಮ್ಮೆ ಮಂತ್ರಿಯೊಬ್ಬರು ಕೋಣೆ ನೋಡಲು ಬಂದಾಗಲೂ ಬೆರಳೆತ್ತಿ ‘ಒಂದು ನಿಮಿಷ’ ಎಂದಿದ್ದಳು. ಮಂತ್ರಿ ನಿಂತರು. ಮಂತ್ರಿಯ ಹಿಂದೆ ಬಂದ ಹದಿನಾರು ಜನವೂ ನಿಂತರು. ಹೆಸರು ಅಂಟಿಕೊಂಡದ್ದು ಅವತ್ತಿನಿಂದ.

ಹೊಸದಾಗಿ ಬಂದ ಹುಡುಗಿಯರು ಅರ್ಧ ನಿಮಿಷ ಎಣಿಸಿ ಇಮ್ಮಡಿ ಮಾಡಿ ಬರೆದುಬಿಡುತ್ತಿದ್ದರು. ಅಂಥವರಿಗೆ ಆಕೆಯ ಪಾಠ ಒಂದೇ. "ಹಸುಗೂಸಿನ ಉಸಿರು ಅಂದ್ರೆ ಅಂಗಳದಲ್ಲಿ ಆಡೋ ಮಗು ಇದ್ದ ಹಾಗೆ ಕಣೆ. ನಾಲ್ಕು ಹೆಜ್ಜೆ ಓಡುತ್ತೆ, ನಿಲ್ಲುತ್ತೆ, ಏನೋ ಜ್ಞಾಪಿಸ್ಕೊಳ್ಳುತ್ತೆ, ಮತ್ತೆ ಓಡುತ್ತೆ. ನೀನು ಓಡಿದ್ದು ಮಾತ್ರ ನೋಡಿ ಇಮ್ಮಡಿ ಮಾಡಿದ್ರೆ ಅದು ಕುದುರೆ ಆಗುತ್ತೆ. ನಿಂತದ್ದು ಮಾತ್ರ ನೋಡಿದ್ರೆ ಕಲ್ಲಾಗುತ್ತೆ. ಮಗು ಆಗಬೇಕು ಅಂದ್ರೆ ಪೂರಾ ನಿಮಿಷ ಬೇಕು." ನಲವತ್ತರಿಂದ ಅರವತ್ತರೊಳಗೆ ಇದ್ದರೆ ಸರಿ. ಅರವತ್ತು ದಾಟಿ, ಮೂಗಿನ ಹೊಳ್ಳೆ ಅರಳಿ, ಪಕ್ಕೆಲುಬಿನ ಸಂದು ಒಳಕ್ಕೆ ಸೆಳೆದು, ಪ್ರತಿ ಉಸಿರಿಗೂ ಕುಂಯ್ ಎಂದು ನರಳಿದರೆ ಮಕ್ಕಳ ಡಾಕ್ಟರನ್ನು ಕೂಗಬೇಕು.

ಈಗ ಗುರುವಾರದ ವಿಷಯಕ್ಕೆ ಬರೋಣ. ಮೊದಲೇ ದಿನ ಗೊತ್ತುಮಾಡಿಕೊಂಡ ಆಪರೇಷನ್ನುಗಳೆಲ್ಲ ಆ ಆಸ್ಪತ್ರೆಯಲ್ಲಿ ಗುರುವಾರ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲೇ ನಿಮಿಷದಮ್ಮನಿಗೆ ಒಂದು ವಿಚಿತ್ರ ಕಂಡಿತ್ತು. ಉಳಿದ ದಿನ ತಾವಾಗಿ ನೋವು ಕೊಟ್ಟು, ಕಿರುಚಾಡಿಸಿ ಹುಟ್ಟಿದ ಕೂಸುಗಳು ಬಂದವೇ ಅತ್ತು ನಿದ್ದೆ ಹೋಗುತ್ತಿದ್ದವು. ಗುರುವಾರದವು ನೋಡಲು ದುಂಡಗೆ, ಗುಂಡಗೆ, ಮೈಕೈ ತುಂಬಿಕೊಂಡೇ ಇರುತ್ತಿದ್ದವು. ಆದರೆ ಅವುಗಳಲ್ಲಿ ಕೆಲವು ಮೆಟ್ಟಿಲು ಹತ್ತಿಬಂದ ಮುದುಕನ ಹಾಗೆ ಏದುಸಿರು ಬಿಡುತ್ತಿದ್ದವು. ಏದುಸಿರು ಬಿಟ್ಟವುಗಳ ಗರ್ಭದ ವಾರ ನೋಡಿದರೆ ಮೂವತ್ತೇಳು, ಮೂವತ್ತೆಂಟು. ಮೂವತ್ತೊಂಬತ್ತು ತುಂಬಿಸಿಕೊಂಡು ಬಂದವುಗಳಲ್ಲಿ ಆ ಗೋಳು ಬಹಳ ಕಡಿಮೆ.

"ಒಳಗಿರುವಾಗ ಕೂಸಿನ ಪುಪ್ಪಸದ ತುಂಬ ನೀರು. ಕೊನೇ ವಾರಗಳಲ್ಲಿ ಅದು ಸ್ವಲ್ಪ ಸ್ವಲ್ಪ ಇಂಗೋಕೆ ಶುರುವಾಗುತ್ತೆ. ನೋವು ಬರೋದು ತಾಯಿಗೆ ಮಾತ್ರ ಅಂದ್ಕೋಬೇಡಿ. ಅದು ನಾಟಕದ ಮೊದಲನೇ ಬೆಲ್ಲು. ‘ಪರದೆ ಏಳುತ್ತೆ, ಮುಖ ಒರೆಸ್ಕೋ, ನೀರು ಬಸ್ಕೋ’ ಅಂತ ಕೂಸಿಗೂ ಹೇಳುತ್ತೆ. ನಾವು ಬೆಲ್ಲೂ ಹೊಡೀದೆ, ವಾರವೂ ತುಂಬಿಸ್ದೆ ಪರದೆ ಎತ್ತಿಬಿಟ್ರೆ ಪಾಪ ಅದು ಬಣ್ಣ ಹಚ್ಕೊಳ್ತಾ ಇರುತ್ತೆ" ಎಂದು ಬಸುರಿಯರಿಗೆ ಹೇಳುವಳು. ಅವರ ಗಂಡಂದಿರಿಗೆ ಇಷ್ಟು ಉದ್ದ ಹೇಳುತ್ತಿರಲಿಲ್ಲ. "ಕಾಯಿ ಗುದ್ದಿ ಹಣ್ಣು ಮಾಡ್ತೀಯೇನಪ್ಪಾ?" ಅಷ್ಟೇ.

ಆದರೆ ಹೇಳಿಕೆಯಿಂದ ಲೋಕ ಬದಲಾಗುವುದಿದ್ದರೆ ಎಂದೋ ಆಗಬೇಕಿತ್ತು. ಅದಕ್ಕೇ ಆಕೆ ಒಂದು ಉಪಾಯ ಮಾಡಿದಳು. ಗುರುವಾರದ ಆಪರೇಷನ್ ಪಟ್ಟಿಯ ಪುಸ್ತಕ ತೆಗೆದುಕೊಂಡು, ಸ್ಕೇಲಿಟ್ಟು, ಕೆಂಪು ಪೆನ್ನಿನಲ್ಲಿ ಪ್ರತಿ ಪುಟದ ಬಲಗಡೆ ಒಂದು ಕಾಲಂ ಎಳೆದಳು. ಅದರ ತಲೆಯ ಮೇಲೆ ಬರೆದಳು: ‘ಈ ದಿನವೇ ಯಾಕೆ?’

ಮೂವತ್ತೊಂಬತ್ತು ತುಂಬದವರೆಲ್ಲ ಅಲ್ಲಿ ಕಾರಣ ಬರೆಯಬೇಕು. ಗುರುವಾರ ಸಂಜೆ ಪಾಳಿ ಬದಲಾಗುವ ಹೊತ್ತಿಗೆ ನಿಮಿಷದಮ್ಮ ಮುಂದಿನ ವಾರದ ಪಟ್ಟಿಯನ್ನು ರೈಲು ನಿಲ್ದಾಣದ ಮೈಕಿನ ದನಿಯಲ್ಲಿ ಓದುವಳು. ‘ಮೂರನೇ ನಂಬರು. ಮೂವತ್ತೇಳು ವಾರ. ಕಾರಣ: ಬಾಡಿಗೆ ಕಾರು ಅವತ್ತೇ ಸಿಗುತ್ತದೆ.’ ‘ಐದನೇ ನಂಬರು. ಮೂವತ್ತೆಂಟು ವಾರ. ಕಾರಣ: ಅತ್ತೆಯವರು ಊರಿನಿಂದ ಬರುವುದರೊಳಗೆ ಮುಗಿಯಲಿ.’ ಕೋಣೆಯ ತುಂಬ ನಗು. ಬರೆಸಿದವರೂ ಬಾಗಿಲಲ್ಲಿ ನಿಂತು ನಗುವರು, ಆಮೇಲೆ ಕಿವಿ ಕೆಂಪಾಗಿ, "ಒಂದ್ವಾರ ಮುಂದಕ್ಕೆ ಹಾಕಿ ಸಿಸ್ಟರ್, ಕಾರು ಬೇರೆ ನೋಡ್ಕೊಳ್ತೀವಿ" ಎನ್ನುವರು. ಆಪರೇಷನ್ ಮಾಡುವ ಡಾಕ್ಟರಮ್ಮ ಒಪ್ಪಿಕೊಂಡಿದ್ದಳು: ತನ್ನ ಅರ್ಧ ಗಂಟೆಯ ಬುದ್ಧಿಮಾತಿಗೆ ಆಗದ್ದು ಆ ಕೆಂಪು ಗೆರೆಗೆ ಆಗುತ್ತದೆ.

ಹಾಗಂತ ನಿಮಿಷದಮ್ಮ ಎಡವದವಳೇನಲ್ಲ. ಒಮ್ಮೆ ಮೂವತ್ತಾರು ವಾರದ ಬಸುರಿಯೊಬ್ಬಳನ್ನು ಡಾಕ್ಟರಮ್ಮ ಅವತ್ತೇ ಒಳಗೆ ಕರೆದಾಗ, ‘ಇದೇನು ಅವಸರ’ ಎಂದು ಗೊಣಗಿದ್ದಳು. ಡಾಕ್ಟರಮ್ಮ ಆ ಹೆಂಗಸಿನ ರಕ್ತದೊತ್ತಡದ ಚೀಟಿ ಮುಂದೆ ಹಿಡಿದಳು. ಇನ್ನೊಂದು ದಿನ ಕಾದಿದ್ದರೆ ತಾಯಿಯೂ ಇಲ್ಲ, ಕೂಸೂ ಇಲ್ಲ. ಕಾರಣವಿದ್ದರೆ ಅದು ಅವಸರವಲ್ಲ, ಕಾರಣವಿಲ್ಲದ್ದಷ್ಟೇ ಅವಸರ ಎಂದು ಆಕೆ ಅವತ್ತು ಕಲಿತಳು. ಕಾಲಂ ಎಳೆದದ್ದು ಅದಾದ ಮೇಲೆ.

ಹೀಗಿದ್ದ ನಿಮಿಷದಮ್ಮನ ನಿವೃತ್ತಿಯ ತಿಂಗಳು ಬಂತು. ಮೂವತ್ತೊಂದನೇ ತಾರೀಖು, ಸೋಮವಾರ, ಕೊನೆಯ ಪಾಳಿ.

ಅದೇ ತಿಂಗಳಲ್ಲಿ ಆಕೆಯ ತಮ್ಮನ ಮಗಳು ತುಂಬು ಬಸುರಿ. ಈ ಹುಡುಗಿಯ ಬಗ್ಗೆ ಎರಡು ಮಾತು ಹೇಳಬೇಕು. ನಿಮಿಷದಮ್ಮನಿಗೆ ಮಕ್ಕಳಿಲ್ಲ. ತಮ್ಮನ ಮಗಳು ಹುಟ್ಟಿದಾಗ ಮೊದಲು ಬಿದ್ದದ್ದು ಆಕೆಯ ಕೈಗೆ. ಆಮೇಲೂ ಶಾಲೆ ಬಿಟ್ಟರೆ ಅತ್ತೆ ಮನೆ, ಜ್ವರ ಬಂದರೆ ಅತ್ತೆ ಮನೆ, ಅಪ್ಪನ ಮೇಲೆ ಕೋಪ ಬಂದರೆ ಪೆಟ್ಟಿಗೆ ಸಮೇತ ಅತ್ತೆ ಮನೆ. ಈಗ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಇಡೀ ಪೇಟೆಯನ್ನು ಸಾಲಿನಲ್ಲಿ ನಿಲ್ಲಿಸುವ ಗಟ್ಟಿಗಿತ್ತಿ. ಮೊದಲ ಮಗಳು ಆಪರೇಷನ್ನಿನಲ್ಲಿ ಹುಟ್ಟಿದ್ದಳು, ಆಕೆಯನ್ನೂ ಮೊದಲು ಎಣಿಸಿದವಳು ಅತ್ತೆಯೇ. ಎರಡನೆಯದೂ ಆಪರೇಷನ್ನೇ ಎಂದು ಡಾಕ್ಟರಮ್ಮ ಹೇಳಿದ್ದಳು. ಉಳಿದದ್ದು ದಿನ ಗೊತ್ತುಮಾಡುವುದು.

ಮೂವತ್ತೊಂಬತ್ತು ತುಂಬಿ ಒಂದು ದಿನ ಆಗುವುದು ಮುಂದಿನ ತಿಂಗಳ ಮೂರಕ್ಕೆ, ಗುರುವಾರ. ಅಷ್ಟು ಹೊತ್ತಿಗೆ ಅತ್ತೆ ನಿವೃತ್ತಿಯಾಗಿ ಮೂರು ದಿನ. ಹಿಂದಿನ ಗುರುವಾರ, ಇಪ್ಪತ್ತೇಳಕ್ಕೆ, ಡಾಕ್ಟರಮ್ಮ ಊರಲ್ಲೇ ಇಲ್ಲ. ಅದರ ಹಿಂದಿನದು ಇಪ್ಪತ್ತು. ಅವತ್ತಿಗೆ ಮೂವತ್ತೇಳು ವಾರ, ಒಂದು ದಿನ.

"ಇಪ್ಪತ್ತೇ ಆಗಲಿ" ಎಂದಳು ಹುಡುಗಿ, ಕೌಂಟರಿನಲ್ಲಿ ಸೀಲು ಗುದ್ದುವವಳ ಹಾಗೆ. "ನನ್ನನ್ನ ಎಣಿಸಿದ್ದು ನೀನು, ನನ್ನ ಮಗಳನ್ನ ಎಣಿಸಿದ್ದು ನೀನು. ಇದನ್ನ ಇನ್ಯಾರೋ ಎಣಿಸ್ತಾರೆ ಅಂದ್ರೆ ನಾನು ಹೆರೋದೇ ಇಲ್ಲ."

"ಹೆರದೆ ಏನು ಮಾಡ್ತೀಯೆ, ಪಾರ್ಸೆಲ್ ವಾಪಸ್ ಕಳಿಸ್ತೀಯಾ?"

"ಅತ್ತೆ, ತಮಾಷೆ ಬೇಡ. ಮೂವತ್ತೇಳು ತುಂಬಿರುತ್ತಲ್ಲ. ಎಷ್ಟೋ ಜನಕ್ಕೆ ಆ ವಾರದಲ್ಲೇ ಹುಟ್ಟಿ ಚೆನ್ನಾಗೇ ಇವೆ."

ನಿಮಿಷದಮ್ಮ ಬೇರೆ ಯಾರಿಗಾದರೂ ಆಗಿದ್ದರೆ ನೀರಿನ ಕತೆ, ಬೆಲ್ಲಿನ ಕತೆ, ಎಲ್ಲ ಹೇಳಿ ಮುಗಿಸುತ್ತಿದ್ದಳು. ಅವತ್ತು ಬಾಯಿ ಏಳಲಿಲ್ಲ. ಯಾಕೆಂದರೆ ಆಸೆ ಹುಡುಗಿಗೆ ಎಷ್ಟಿತ್ತೋ ಅದರ ಎರಡರಷ್ಟು ಅತ್ತೆಗಿತ್ತು. ಸಾವಿರಾರು ಕೂಸುಗಳನ್ನು ಎಣಿಸಿದ ಕೈಯಿಂದ ಕೊನೆಯದಾಗಿ ಮನೆಯ ಕೂಸನ್ನೇ ಎತ್ತಿಕೊಂಡು ಹೊರಬಿದ್ದರೆ, ಆಹಾ, ಆ ನಿವೃತ್ತಿಯ ಮುಂದೆ ಯಾವ ಹಾರ, ಯಾವ ಭಾಷಣ.

ಡಾಕ್ಟರಮ್ಮ ಕನ್ನಡಕ ಮೇಲೇರಿಸಿ ಇಬ್ಬರನ್ನೂ ನೋಡಿದಳು. "ಮೂರನೇ ತಾರೀಖೇ ಒಳ್ಳೇದು ಅಂತ ನಿಮಗೆ ನಾನು ಹೇಳಬೇಕಾ ಸಿಸ್ಟರ್? ಆದರೆ ಮೂವತ್ತಾರು ವರ್ಷದಲ್ಲಿ ನೀವು ನನ್ನ ಹತ್ರ ಏನೂ ಕೇಳಿಲ್ಲ. ಸದ್ಯಕ್ಕೆ ಇಪ್ಪತ್ತರ ಪಟ್ಟೀಲಿ ಹೆಸರಿರಲಿ. ಕೊನೇ ಮಾತು ನಿಮ್ಮದೇ. ಕಾಲಂ ನೀವೇ ತುಂಬಿ."

ಕೊನೆಯ ಮಾತು ನಿಮ್ಮದೇ ಎಂದದ್ದು ನಿಮಿಷದಮ್ಮನ ಕಿವಿಗೆ ಬೀಳಲಿಲ್ಲ. ಹೆಸರಿರಲಿ ಎಂದದ್ದು ಬಿತ್ತು. ಪೆನ್ಸಿಲ್ಲಿನಲ್ಲಿ ಏನೋ ಗೀಚಿದಳು, ಪುಸ್ತಕ ಮುಚ್ಚಿದಳು, ಆಮೇಲೆ ಆಕೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಗೆ ಬಂದವಳೇ ಟೈಲರಮ್ಮನ ಹತ್ತಿರ ಓಡಿ ಟೋಪಿಗೆ ಬಟ್ಟೆ ಹರಿಸಿದಳು. ಹಳದಿ ಒಂದು, ಬಿಳಿ ಒಂದು, ಇರಲಿ ಎಂದು ಇನ್ನೊಂದು. ಬಸ್ ಡ್ರೈವರನಾಗಿದ್ದ ಆಕೆಯ ಗಂಡ ಪಾಳಿ ಮುಗಿಸಿ ಬಂದಾಗ ಊಟದ ಮೇಜಿನ ಮೇಲೆ ಮೂರು ಟೋಪಿ ಸಾಲಾಗಿ ಕೂತಿದ್ದವು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತ ಗಾದೆ ಕೇಳಿದ್ದೆ. ಕಣ್ಣಾರೆ ನೋಡಿದ್ದು ಇವತ್ತೇ" ಎಂದ.

"ಹುಟ್ಟುತ್ತೆ ರೀ, ಇಪ್ಪತ್ತಕ್ಕೆ."

"ಎಷ್ಟು ವಾರ ಆಗಿರುತ್ತೆ ಅವತ್ತಿಗೆ?"

ನಿಮಿಷದಮ್ಮ ಟೋಪಿಯ ದಾರ ಕತ್ತರಿಸುತ್ತ ಅದು ಕೇಳಿಸಲೇ ಇಲ್ಲ ಎಂಬಂತೆ ಕೂತಳು. ಇಪ್ಪತ್ತೆಂಟು ವರ್ಷ ಆಕೆಯ ಜೊತೆ ಬಾಳಿದ ಡ್ರೈವರನಿಗೆ ವಾರ, ನೀರು, ಬೆಲ್ಲು ಎಲ್ಲ ಬಾಯಿಪಾಠ. "ನಾನೂ ನೋಡಿದ್ದೀನಿ, ಬಸ್ಸು ನಿಲ್ಲೋದ್ರೊಳಗೆ ಇಳಿಯೋರು ಯಾವಾಗಲೂ ಖುಷೀಲೇ ಇರ್ತಾರೆ" ಎಂದು ಕೈ ತೊಳೆಯಲು ಹೋದ.

ಆ ವಾರದ ಗುರುವಾರ ಸಂಜೆ, ಆರನೇ ತಾರೀಖು, ಎಂದಿನಂತೆ ಪಟ್ಟಿ ಓದುವ ಹೊತ್ತಾಯಿತು. ನಿಮಿಷದಮ್ಮ ಪುಸ್ತಕ ತೆರೆದಳು. ಹದಿಮೂರರ ಪಟ್ಟಿಯಲ್ಲಿ ಎರಡನೇ ನಂಬರು: ಮೂವತ್ತೇಳು ವಾರ, ಕಾರಣ: ತಂದೆ ಪ್ರವಾಸ ಹೋಗುವವರು. ಮುಂದಿನ ಪುಟದಲ್ಲಿ, ಇಪ್ಪತ್ತರ ಪಟ್ಟಿಯಲ್ಲಿ, ತನ್ನದೇ ಪೆನ್ಸಿಲ್ಲಿನ ಗೀಚು. ಎಲೆ ತಿರುವಿದರೆ ತನ್ನ ಬಂಡವಾಳ ಕಾಣುತ್ತದೆ ಎನಿಸಿತು. "ಇವತ್ತು ಗಂಟಲು ಸರಿ ಇಲ್ಲ" ಎಂದು ಪುಸ್ತಕ ಮುಚ್ಚಿದಳು. ಮೂವತ್ತಾರು ವರ್ಷದಲ್ಲಿ ಆಕೆಯ ಗಂಟಲು ಕೆಟ್ಟದ್ದು ಅದೇ ಮೊದಲು. ಯಾರೂ ನಗಲಿಲ್ಲ, ಯಾರ ಕಿವಿಯೂ ಕೆಂಪಾಗಲಿಲ್ಲ, ಎರಡನೇ ನಂಬರು ಇದ್ದ ದಿನಕ್ಕೇ ಉಳಿಯಿತು.

ಹದಿಮೂರರ ಬೆಳಿಗ್ಗೆ ಎರಡನೇ ನಂಬರಿನ ಕೂಸು ಬಂತು. ಗಂಡು, ಮೂರು ಕಿಲೋಗೆ ಸ್ವಲ್ಪ ಕಡಿಮೆ, ಕೆನ್ನೆ ಹಿಂಡುವ ಹಾಗಿತ್ತು. ಅತ್ತಿತು. ಅಪ್ಪ ಗಾಜಿನಾಚೆಯಿಂದ ಫೋಟೋ ತೆಗೆದ. ನಿಮಿಷದಮ್ಮ ಹೊಟ್ಟೆಯ ಮೇಲೆ ಕಣ್ಣಿಟ್ಟು ಗಡಿಯಾರ ಹಿಡಿದಳು. ಮುಳ್ಳು ಸುತ್ತು ಮುಗಿಸುವಷ್ಟರಲ್ಲಿ ಎಂಬತ್ತೆರಡು. ಮೂಗಿನ ಹೊಳ್ಳೆ ಪಟಪಟ ಬಡಿಯುತ್ತಿತ್ತು. ಮತ್ತೊಂದು ನಿಮಿಷ ಎಣಿಸಿದಳು. ಎಂಬತ್ತನಾಲ್ಕು. ಕುಂಯ್, ಕುಂಯ್ ಎಂದು ನರಳಿಕೆ ಶುರುವಾಯಿತು.

ಮಕ್ಕಳ ಡಾಕ್ಟರು ಬಂದ, ಆಮ್ಲಜನಕ ಕೊಟ್ಟ, ಕೈಗೆ ಸೂಜಿ ಚುಚ್ಚಿದ, ಕ್ಷಕಿರಣದ ಚಿತ್ರ ತರಿಸಿದ. "ನೀರು ಇನ್ನೂ ಇಂಗಿಲ್ಲ. ಎರಡು ದಿನ ಹೀಗೇ ಇರುತ್ತೆ, ಆಮೇಲೆ ಸರಿಹೋಗುತ್ತೆ. ಹೆಚ್ಚಿನವು ಸರಿಹೋಗ್ತವೆ" ಎಂದ. ನಿಮಿಷದಮ್ಮನಿಗೆ ಅದು ಗೊತ್ತಿತ್ತು. ಹೆಚ್ಚಿನವು ಎಂದರೆ ಎಲ್ಲವೂ ಅಲ್ಲ ಎಂಬುದೂ ಗೊತ್ತಿತ್ತು. ಮಧ್ಯಾಹ್ನ ಎದುರು ವಾರ್ಡಿನಿಂದ ತಾಯಿ ಹೇಳಿ ಕಳಿಸಿದಳು: ಹಾಲು ಬಂದಿದೆ, ಕೂಸನ್ನು ಯಾವಾಗ ಕೊಡುತ್ತೀರಿ? ಕೂಸಿಗೆ ಉಸಿರಾಡಲೇ ಬಿಡುವಿಲ್ಲ, ಹಾಲು ಕುಡಿಯುವುದು ಎಲ್ಲಿಂದ. ಅಪ್ಪ ಪ್ರವಾಸ ರದ್ದು ಮಾಡಿ, ಬ್ಯಾಗು ಕಾಲ ಬಳಿ ಇಟ್ಟುಕೊಂಡು, ಬೆಂಚಿನ ಮೇಲೆ ಕೂತಿದ್ದ. "ಸಿಸ್ಟರ್, ಇದು ಮೊದಲೇ ಗೊತ್ತಿದ್ರೆ ಕಾಯ್ತಿದ್ವಿ. ಯಾರೂ ಹೇಳಲಿಲ್ಲ" ಎಂದ. ಬೈದಿದ್ದರೆ ಆಕೆ ತಡೆದುಕೊಳ್ಳುತ್ತಿದ್ದಳು. ಆತ ಬಲು ಮೆತ್ತಗೆ ಹೇಳಿದ.

ಸಂಜೆ ಪಾಳಿ ಬದಲಾಯಿತು. ಗಂಟಲಿನ ನೆಪ ಇನ್ನೊಂದು ವಾರ ನಡೆಯುವಂತಿರಲಿಲ್ಲ, ಆದರೂ ನಿಮಿಷದಮ್ಮ ತೊಟ್ಟಿಲ ಬಳಿಯಿಂದ ಕದಲಲಿಲ್ಲ. ಆಗ ಪುಟ್ಟ ಸಿಸ್ಟರು ಎದ್ದಳು. ಎರಡು ವರ್ಷದ ಹಿಂದೆ ಸೇರಿದವಳು, ಅರ್ಧ ನಿಮಿಷ ಎಣಿಸಿ ಪೂರ್ತಿ ಬೈಸಿಕೊಂಡವಳು, ಈಗ ನಿಮಿಷದಮ್ಮನ ನೆರಳು. "ಅಕ್ಕ, ನಿಮ್ಮ ಗಂಟಲು ಸರಿ ಇಲ್ಲ ಅಲ್ವಾ, ನಾನು ಓದ್ತೀನಿ" ಎಂದು ಪುಸ್ತಕ ತೆರೆದು, ಮೂಗು ಹಿಡಿದುಕೊಂಡು, ಥೇಟ್ ರೈಲಿನ ಮೈಕಾದಳು.

"ಪ್ರಯಾಣಿಕರ ಗಮನಕ್ಕೆ. ಇಪ್ಪತ್ತನೇ ತಾರೀಖು. ಒಂದನೇ ನಂಬರು, ಮೂವತ್ತೊಂಬತ್ತು ವಾರ ಮೂರು ದಿನ, ಸರಿಯಾದ ಸಮಯಕ್ಕೆ ಹೊರಡಲಿದೆ. ಎರಡನೇ ನಂಬರು, ನಲವತ್ತು ವಾರ, ಹೊರಡಲಿದೆ. ಮೂರನೇ ನಂಬರು, ಮೂವತ್ತೇಳು ವಾರ ಒಂದು ದಿನ. ಈ ದಿನವೇ ಯಾಕೆ." ಇಲ್ಲಿ ಪೆನ್ಸಿಲ್ಲಿನ ಬರಹಕ್ಕೆ ಕಣ್ಣು ಹತ್ತಿರ ಒಯ್ದಳು. "ಕಾರಣ: ಅತ್ತೆಗೆ ಆಸೆ."

ಕೋಣೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ತೊಟ್ಟಿಲಿನ ಕೂಸೊಂದೇ ಎತ್ತಿತು, ಅದೂ ಎರಡು ಪಟ್ಟು. ಹೆಸರು ಓದಿಕೊಂಡ ಪುಟ್ಟ ಸಿಸ್ಟರಿನ ಮುಖ ಸುಣ್ಣವಾಯಿತು. "ಅಕ್ಕ, ನನಗೆ ಗೊತ್ತಿರಲಿಲ್ಲ ಅಕ್ಕ, ದೇವರಾಣೆ."

ಮೊದಲು ಬಂದದ್ದು ಬಿಕ್ಕಳಿಕೆಯಂಥ ಒಂದು ಸದ್ದು. ನಿಮಿಷದಮ್ಮ ಅಳುತ್ತಿದ್ದಾಳೆ ಎಂದುಕೊಂಡು ಆಯಾ ನೀರು ತರಲು ಓಡಿದಳು. ನೋಡಿದರೆ ನಗು. ತಡೆಯಲು ಹೋಗಿ ಮೂಗಿನಿಂದ ಬಂತು, ಬಾಯಿಂದ ಬಂತು, ಕಣ್ಣಿನಿಂದ ಬಂತು, ಹೊಟ್ಟೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತಳು. "ಅತ್ತೆಗೆ ಆಸೆ" ಎಂದು ತಾನೇ ಹೇಳುವುದು, ಮತ್ತೆ ನಗುವುದು. "ಬಾಡಿಗೆ ಕಾರಿನವನಿಗೆ ಎಷ್ಟು ನಗಾಡಿದ್ದೆ ಕಣೆ ನಾನು. ಅವನಿಗಾದ್ರೂ ಕಾರು ಬೇಕಿತ್ತು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ." ಪುಟ್ಟ ಸಿಸ್ಟರಿಗೂ ಅಂಟಿತು, ನೀರು ತಂದ ಆಯಾಗೂ ಅಂಟಿತು, ಏನೆಂದು ನೋಡಲು ಬಂದ ಡಾಕ್ಟರಮ್ಮ ಕಾಲಂ ಓದಿ ಗೋಡೆ ಹಿಡಿದುಕೊಂಡಳು.

ನಗು ಇಳಿದ ಮೇಲೆ ನಿಮಿಷದಮ್ಮ ರಬ್ಬರು ತೆಗೆದುಕೊಂಡು ಮೂರನೇ ನಂಬರನ್ನು ಉಜ್ಜಿದಳು. ಮುಂದಿನ ತಿಂಗಳ ಮೂರಕ್ಕೆ ಪೆನ್ನಿನಲ್ಲೇ ಬರೆದಳು. ಅಂದು ತೊಟ್ಟಿಲಲ್ಲಿದ್ದ ಕೂಸು ಎರಡು ದಿನ ಓಡಿ ಓಡಿ ಮೂರನೇ ದಿನ ನಡಿಗೆಗೆ ಬಂತು, ಐವತ್ತಕ್ಕಿಳಿದು ತಾಯಿಯ ಮಡಿಲು ಸೇರಿತು. ಅದರ ಅಪ್ಪನಿಗೆ ನಿಮಿಷದಮ್ಮ ಹೋಗಿ ಹೇಳಿದಳು: "ಹೇಳಬೇಕಾಗಿದ್ದವಳು ನಾನು. ಹೇಳಲಿಲ್ಲ. ತಪ್ಪು ನನ್ನದು." ಆತ ಕೂಸಿನ ಮುಖ ನೋಡುವ ಸಂಭ್ರಮದಲ್ಲಿದ್ದ, ತಲೆಯಾಡಿಸಿದ. ಕೇಳಿಸಿತೋ ಇಲ್ಲವೋ.

ತಮ್ಮನ ಮಗಳಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು.

"ಅಂದ್ರೆ ಮೂರನೇ ತಾರೀಖು ನೀನು ಎಲ್ಲಿರ್ತೀಯ?"

"ಕಾರಿಡಾರಲ್ಲಿ."

"ಫ್ಲಾಸ್ಕು ಹಿಡ್ಕೊಂಡು ಕೂತಿರೋ ಆಂಟಿಗಳ ಜೊತೆ."

"ನಾನೂ ಒಂದು ಫ್ಲಾಸ್ಕು ತಗೋತೀನಿ. ಒಳ್ಳೇದು ನೋಡಿ."

"ನಿನಗೆ ನನಗಿಂತ ನಿನ್ನ ಕೆಂಪು ಗೆರೆ ಹೆಚ್ಚು" ಎಂದು ಹುಡುಗಿ ಬಾಯಿಗೆ ಬೀಗ ಹಾಕಿಕೊಂಡಳು. ಎರಡು ದಿನ ಫೋನು ಎತ್ತಲಿಲ್ಲ. ಮೂರನೆಯ ದಿನ ನಿಮಿಷದಮ್ಮ ಅಂಚೆ ಕಚೇರಿಗೇ ಹೋಗಿ ಸಾಲಿನಲ್ಲಿ ನಿಂತಳು. ಸರದಿ ಬಂದಾಗ ಹುಡುಗಿ ತಲೆಯೆತ್ತದೆ "ಏನು ಬೇಕು" ಎಂದಳು.

"ಒಂದು ವಿಚಾರ ಕೇಳಬೇಕಿತ್ತು. ಒಂದು ಪಾರ್ಸೆಲ್ಲಿದೆ. ಎರಡು ವಾರ ಮುಂಚೆ ಕಳಿಸಿದ್ರೆ ಪ್ಯಾಕಿಂಗ್ ಹಸಿ ಇರುತ್ತೆ. ಹಸಿ ಇದ್ರೂ ಪರವಾಗಿಲ್ಲ, ಬೇಗ ಕಳಿಸಿ ಅಂತ ಅದರ ಮುದುಕಿ ಅತ್ತೆ ಕುಣೀತಾ ಇದ್ದಾಳೆ. ಯಾಕಮ್ಮ ಅಂದ್ರೆ, ತಲುಪಿದಾಗ ಸಹಿ ಹಾಕೋದು ತಾನೇ ಆಗಬೇಕಂತೆ. ಪಾರ್ಸೆಲ್ ಮುಖ್ಯಾನೋ ಸಹಿ ಮುಖ್ಯಾನೋ, ನಿಮ್ಮ ರೂಲಲ್ಲಿ ಏನಿದೆ?"

ಹುಡುಗಿ ತುಟಿ ಕಚ್ಚಿ ನಗು ತಡೆದಳು, ಆಗಲಿಲ್ಲ. ಹಿಂದೆ ನಿಂತಿದ್ದವನು "ಬೇಗ ಮಾಡೀಮ್ಮ" ಎಂದ. ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಅವನ ಕಡೆ ತಿರುಗಿ ಬೆರಳೆತ್ತಿದರು: "ಒಂದು ನಿಮಿಷ."

"ಮಧ್ಯೆ ನೋವು ಬಂದ್ಬಿಟ್ರೆ?" ಎಂದಳು ಹುಡುಗಿ, ದನಿ ಇಳಿಸಿ.

"ಯಾವ ಹೊತ್ತಾದ್ರೂ ಸರಿ, ಹೊರಟು ಬಾ. ಹಳೇ ಹೊಲಿಗೆ ಇದೆ, ಮನೇಲಿ ಕೂತು ನೋಡೋಣ ಅನ್ನೋ ಹಾಗಿಲ್ಲ. ಆಗ ಮಾತ್ರ ಗುರುವಾರ ಬುಧವಾರ ನೋಡೋದಿಲ್ಲ."

ಮೂವತ್ತೊಂದರಂದು ಹಾರ ಹಾಕಿದರು, ಭಾಷಣ ಮಾಡಿದರು, ಗಡಿಯಾರ ಕಾಣಿಕೆ ಕೊಟ್ಟರು. ಗಡಿಯಾರ ಕೊಡಬಾರದಿತ್ತು ಎಂದು ಆಂಬುಲೆನ್ಸ್ ಡ್ರೈವರು ಸಾಲಿನಲ್ಲೆಲ್ಲ ಹೇಳಿಕೊಂಡು ತಿರುಗಿದ. ಮೊದಲ ಸಾಲಿನ ಕುರ್ಚಿಯಲ್ಲಿ ಹುಡುಗಿ ತನ್ನ ಹೊಟ್ಟೆ ಎದುರಿಗಿಟ್ಟುಕೊಂಡು ಕೂತಿದ್ದಳು, ಹೊಟ್ಟೆಯೊಳಗಿದ್ದದ್ದು ಚಪ್ಪಾಳೆಗೊಂದೊಂದು ಒದೆ ಕೊಡುತ್ತಿತ್ತು.

ಮೂರನೇ ತಾರೀಖು ಬೆಳಿಗ್ಗೆ ನಿಮಿಷದಮ್ಮ ಹೂವಿನ ಚಿತ್ರದ ಸೀರೆಯುಟ್ಟು, ಫ್ಲಾಸ್ಕು ಹಿಡಿದು, ಆಪರೇಷನ್ ವಿಭಾಗದ ಬಾಗಿಲಿಗೆ ಹೋದಳು. ಕಾಲು ರೂಢಿಯ ಮೇಲೆ ಒಳಗೆ ನಡೆದೇಬಿಟ್ಟಿತು. ವಾಚ್‌ಮನ್ ಅಡ್ಡ ನಿಂತ. "ಅಮ್ಮಾ, ಪಾಸು."

"ನನಗೇ ಪಾಸಾ?"

"ಪಾಸಿಲ್ಲದೆ ಮಂತ್ರೀನೂ ಬಿಡಬೇಡ ಅಂತ ನನಗೆ ಹೇಳಿಕೊಟ್ಟೋರು ಯಾರಮ್ಮ?" ಎಂದ ಅವನು, ನಗು ನುಂಗಿಕೊಂಡು.

ಪಾಸು ಮಾಡಿಸಿಕೊಂಡು ಬಂದು ಗಾಜಿನ ಈಚೆ ನಿಂತಳು. ಮೂವತ್ತಾರು ವರ್ಷದಲ್ಲಿ ಆಕೆ ಆ ಗಾಜನ್ನು ಈ ಕಡೆಯಿಂದ ನೋಡಿರಲಿಲ್ಲ. ಮೂಗು ತಾಗಿದ ಕಲೆಗಳೆಷ್ಟು, ಹಣೆ ಒತ್ತಿದ ಗುರುತುಗಳೆಷ್ಟು. ಒಂದು ಕೂಗು ಕೇಳಿಸಿತು. ಅದು ಎಂಥ ಕೂಗು ಅಂತೀರಿ, ಟೈಲರಮ್ಮನ ಮನೆಗೂ ಮುಟ್ಟಿರಬೇಕು. ಪುಟ್ಟ ಸಿಸ್ಟರು ಕೂಸನ್ನು ತಂದು ಬಿಸಿ ದೀಪದ ಕೆಳಗಿಟ್ಟು, ಒರೆಸಿ, ಹಳದಿ ಟೋಪಿ ಹಾಕಿ, ಗಡಿಯಾರ ಹಿಡಿದಳು. ಗಾಜಿನ ಕಡೆ ಒಂದು ಸಲವೂ ನೋಡಲಿಲ್ಲ. ಒಳಗೆ ಅವಳು, ಹೊರಗೆ ಇವಳು, ಇಬ್ಬರ ತುಟಿಯೂ ಸದ್ದಿಲ್ಲದೆ ಆಡುತ್ತಿತ್ತು. ಆ ನಿಮಿಷದಷ್ಟು ಉದ್ದದ ನಿಮಿಷವನ್ನು ನಿಮಿಷದಮ್ಮ ಕಂಡಿರಲಿಲ್ಲ. ಹೊಟ್ಟೆ ಏರಿತು, ಇಳಿಯಿತು, ಓಡಿತು, ನಿಂತಿತು. ನಿಂತೇಬಿಟ್ಟಿತೇ? ಇಲ್ಲ, ಏನೋ ಜ್ಞಾಪಿಸಿಕೊಂಡು ಮತ್ತೆ ಹೊರಟಿತು.

ಪುಟ್ಟ ಸಿಸ್ಟರು ಹೊರಬಂದು, "ನಲವತ್ತಾರು" ಎಂದಳು.

"ನಲವತ್ತೇಳು" ಎಂದಳು ನಿಮಿಷದಮ್ಮ.

"ಅಕ್ಕ, ನಲವತ್ತಾರು. ನೀವು ಗಾಜಿನಾಚೆಯಿಂದ ಒಂದು ಜಾಸ್ತಿ ಎಣಿಸಿದ್ರಿ."

"ನೀನು ಕೊನೇದೊಂದು ಬಿಟ್ಟೆ."

"ಬರೆಯೋದು ನಾನು. ನಲವತ್ತಾರು. ಬೆಂಚಿನ ಮೇಲೆ ಕೂತ್ಕೊಳ್ಳಿ, ಕರೀತೀನಿ."

ನಿಮಿಷದಮ್ಮ ಬೆಂಚಿನ ಮೇಲೆ ಕೂತಳು. ಹೆಣ್ಣು, ಮೂರು ಕಿಲೋ ನಾನೂರು ಗ್ರಾಂ, ಒಂದೇ ಒಂದು ಕುಂಯ್ ಇಲ್ಲ. ಅರ್ಧ ಗಂಟೆಯೊಳಗೆ ತಾಯಿಯ ಎದೆ ಕಚ್ಚಿ ಹಾಲು ಕುಡಿಯುತ್ತಿತ್ತು. ಬೆಂಚಿನ ಮೇಲಿದ್ದ ಫ್ಲಾಸ್ಕಿನ ಆಂಟಿಗಳೆಲ್ಲರಿಗೂ ಆಕೆ ತನ್ನ ಫ್ಲಾಸ್ಕಿನಿಂದ ಟೀ ಬಗ್ಗಿಸಿದಳು. ನಲವತ್ತಾರೋ ನಲವತ್ತೇಳೋ ಎಂಬ ಜಗಳವನ್ನು ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಿದಳು. ಅವರಲ್ಲಿ ಒಬ್ಬಳು ಕೇಳಿದಳು, "ಏನೀಗ, ಒಂದು ಹೆಚ್ಚು ಕಮ್ಮಿ ಆದ್ರೆ?" ನಿಮಿಷದಮ್ಮ ಯೋಚಿಸಿ, "ಏನೂ ಇಲ್ಲ" ಎಂದಳು, ಮತ್ತೆ ನಗು ಶುರುವಾಯಿತು.

ಕ್ವಾರ್ಟರ್ಸ್ ಬಿಡಲು ಒಂದು ವಾರ ಗಡುವು ಇತ್ತು. ಏಳನೇ ತಾರೀಖು ಹುಡುಗಿಯನ್ನು ಮನೆಗೆ ಕಳಿಸಿದರು. ಆಸ್ಪತ್ರೆಯ ಹಿಂಬಾಗಿಲಿನಿಂದ ಅತ್ತೆ ಮನೆಗೆ ಐವತ್ತು ಹೆಜ್ಜೆ. ವ್ಯಾನು ಬರುವವರೆಗೆ ಬರಿದಾದ ಕೋಣೆಯಲ್ಲಿ ಉಳಿದಿದ್ದ ಒಂದೇ ಕುರ್ಚಿಯ ಮೇಲೆ ಬಾಣಂತಿ ಕೂತಳು, ದೊಡ್ಡ ಮಗಳು ಖಾಲಿ ಗೋಡೆಗಳಿಗೆ ಕೂಗಿ ಕೂಗಿ ಪ್ರತಿಧ್ವನಿ ಕೇಳಿಸಿಕೊಂಡಳು. ಇನ್ನು ಹುಡುಗಿಯ ಮನೆಯ ಮೇಲಿನ ಮಹಡಿಯಲ್ಲೇ ಅತ್ತೆ ಮಾವನ ವಾಸ. ನಿಮಿಷದಮ್ಮನ ಗಂಡ ವ್ಯಾನಿನಲ್ಲಿ ಹಾಸಿಗೆ ಸುರುಳಿ, ಪಾತ್ರೆ ಪೆಟ್ಟಿಗೆ ಎಲ್ಲ ಬಿಗಿದು, ಕೊನೆಗೆ ಆ ಕುರ್ಚಿಯನ್ನೂ ಹೊತ್ತೊಯ್ದ.

ಸಾಲಿನವರೆಲ್ಲ ಬಾಗಿಲಿಗೆ ಬಂದಿದ್ದರು. ಟೈಲರಮ್ಮ ಟೇಪು ಕೊರಳಿಗೆ ಹಾಕಿಕೊಂಡೇ ನಿಂತಿದ್ದಳು. ಎಕ್ಸ್‌ರೇ ಅಜ್ಜ, ಇನ್ನು ಮೇಲೆ ಬೀಡಿ ಸೇದಬಹುದಾ ಎಂದು ಕೇಳಿ ಬೈಸಿಕೊಂಡು ಖುಷಿಪಟ್ಟ. ಪುಟ್ಟ ಸಿಸ್ಟರು ತನ್ನ ಟ್ರಂಕಿನೊಂದಿಗೆ ಮೆಟ್ಟಿಲ ಕೆಳಗೆ ಕಾಯುತ್ತಿದ್ದಳು, ಮನೆ ಇನ್ನು ಅವಳದು.

ಹುಡುಗಿ ಎದ್ದು, ಹೊಲಿಗೆ ಹಿಡಿದುಕೊಂಡು, ಕೂಸನ್ನು ಅತ್ತೆಯ ಕೈಗೆ ಹಾಕಿದಳು. "ತಗೋ, ನಿನ್ನ ಸಹಿ ಹಾಕು. ನಾನು ಕಂಬಿ ಹಿಡ್ಕೊಂಡು ಮೆಟ್ಟಿಲು ಇಳೀಬೇಕು."

ನಿಮಿಷದಮ್ಮ ಎರಡೂ ತೋಳಿನಲ್ಲಿ ತಗೊಂಡಳು. ಅದು ಬೆಚ್ಚಗೆ, ಭಾರವಾಗಿ, ಸಣ್ಣಗೆ ಗೊರಕೆ ಹೊಡೆಯುತ್ತ ಮಲಗಿತ್ತು. ಹೊಸ್ತಿಲು ದಾಟಿದಳು.

"ಅಕ್ಕ, ತಲೆ ಹಿಡ್ಕೊಳ್ಳಿ ಸರಿಯಾಗಿ" ಎಂದಳು ಪುಟ್ಟ ಸಿಸ್ಟರು ಕೆಳಗಿನಿಂದ.

"ಆಯ್ತು ಸಿಸ್ಟರ್" ಎಂದಳು ನಿಮಿಷದಮ್ಮ.

ಗಂಡ ವ್ಯಾನಿನ ಕಿಟಕಿಯಿಂದ ಕತ್ತು ಹಾಕಿ ಕೂಗಿದ, "ಏ, ಬಾಗಿಲು ಹಾಕಿದ್ಯಾ?"

"ಕೈ ಖಾಲಿ ಇಲ್ಲ ರೀ" ಎಂದು ಆಕೆ, ತೆರೆದ ಬಾಗಿಲು ತೆರೆದ ಹಾಗೇ ಬಿಟ್ಟು, ನಗುತ್ತ ಮೆಟ್ಟಿಲಿಳಿದಳು.